ಏಡಿ ಹಿಡಿಯುವ ಕೈ

ಮಾಗಿಯ ಚಳಿಯಲ್ಲಿ ಕೆಂಚಿ ಎಂಬ ಕೋತಿ ತನ್ನ ಹಸಿದ ಮರಿಗೆಂದು ಹಳ್ಳದಲ್ಲಿ ಏಡಿ ಹುಡುಕುತ್ತಿತ್ತು. ದಡದಲ್ಲಿ ಮುದಿಕೋತಿಯೊಂದು ಎರಡೂ ಕೈ ಕಂಕುಳಲ್ಲಿಟ್ಟು ಕೂತಿತ್ತು.

“ಏನಜ್ಜಿ, ಏಡಿ ತಾನಾಗಿ ಬಾಯಿಗೆ ಬರುತ್ತಾ?” ಎಂದು ಕೆಂಚಿ ಹಂಗಿಸಿತು.

“ಬೆರಳು ಬೆಚ್ಚಗಾಗಲಿ ಅಂತ ಕಣೇ,” ಎಂದಿತು ಅಜ್ಜಿ.

ಕೆಂಚಿ ಬಿಡುವಿಲ್ಲದೆ ತಡಕಿತು. ಕೊನೆಗೊಂದು ದೊಡ್ಡ ಏಡಿ ಸಿಕ್ಕಿತು. ಆದರೆ ಮರಗಟ್ಟಿದ ಬೆರಳು ಬಾಗಲಿಲ್ಲ; ಏಡಿ ಜಾರಿಹೋಯಿತು. ಮರಿ ಅಳತೊಡಗಿತು. ಕೆಂಚಿ ನಾಚಿ ತಲೆ ತಗ್ಗಿಸಿತು.

“ನೀನು ಸ್ವಲ್ಪ ಕೂರು ಮಗಳೇ, ನಾನು ನೋಡ್ತೀನಿ,” ಎಂದು ಅಜ್ಜಿ ನೀರಿಗಿಳಿಯಿತು.

ಅಜ್ಜಿಯ ಬೆಚ್ಚನೆಯ ಕೈಗೆ ಸಿಕ್ಕ ಏಡಿ ಮತ್ತೆ ತಪ್ಪಿಸಿಕೊಳ್ಳಲಿಲ್ಲ. ಅದನ್ನು ಮರಿಗೆ ಕೊಡುವಾಗ ಆ ಕೈಯೂ ಚಳಿಗೆ ಮರಗಟ್ಟಿತ್ತು. ಕೆಂಚಿ ಅಜ್ಜಿಯ ಕೈಯನ್ನು ಎಳೆದು ತನ್ನ ಕಂಕುಳಲ್ಲಿ ಇಟ್ಟುಕೊಂಡಿತು.