ಸಂಡಿಗೆ ಕಾದ ಕೊಡೆ

ಚೈತ್ರದ ಬಿಸಿಲಿಗೆ ಸಂಡಿಗೆ ಇಟ್ಟ ಸೊಸೆ, ಕಾಗೆ ಬೆದರಲೆಂದು ಹಳೆಯ ಕಪ್ಪು ಕೊಡೆಯನ್ನು ತಾರಸಿಯ ಮೇಲೆ ಬಿಚ್ಚಿಟ್ಟು ಹೋದಳು. ಮಳೆಗಾಲಕ್ಕೆ ಮೊದಲೇ ಕೆಲಸ ಸಿಕ್ಕಿತೆಂದು ಕೊಡೆ ಬೀಗಿತು. ಅಷ್ಟರಲ್ಲಿ ಅಜ್ಜಿ ಮೊಮ್ಮಗಳು ಬಂದು, ಅದರ ನೆರಳಲ್ಲೇ ಕೂತು, ಅರ್ಧ ಒಣಗಿದ ಸಂಡಿಗೆಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳತೊಡಗಿದರು.

“ಕಾವಲುಗಾರರೇ, ಕಳ್ಳರು ನಿಮ್ಮ ಕೆಳಗೇ ಇದ್ದಾರೆ,” ಎಂದಿತು ಕಾಗೆ.

“ಅವರು ಮನೆಯವರು. ಉಪ್ಪು ನೋಡುತ್ತಿದ್ದಾರೆ,” ಎಂದಿತು ಕೊಡೆ.

ಸಂಜೆ ಸೊಸೆ ಖಾಲಿ ಜಾಗ ಕಂಡು ಕಾಗೆಯನ್ನು ಬೈದಳು. “ಹೌದಮ್ಮ, ಹಾಳು ಕಾಗೆ,” ಎಂದರು ಅಜ್ಜಿ, ಬಾಯಿ ಒರೆಸಿಕೊಳ್ಳುತ್ತ.

ಕೊಡೆ ನ್ಯಾಯವಂತ. ಮರುದಿನ ಸೊಸೆ ಮತ್ತೆ ಸಂಡಿಗೆ ಇಟ್ಟು ಹೋದ ಮೇಲೆ, ಗಾಳಿಯೇ ಇಲ್ಲದ ಹೊತ್ತಿನಲ್ಲಿ ಅದು ಪಕ್ಕಕ್ಕೆ ಉರುಳಿಕೊಂಡಿತು.

“ಬನ್ನಿ,” ಎಂದಿತು ಕಾಗೆಗೆ. “ನೀವು ತಿನ್ನದಿದ್ದರೆ ನಮ್ಮ ಸೊಸೆಯ ಮಾತು ಸುಳ್ಳಾಗುತ್ತದೆ.”