ಬೇವಿನ ಮರಕ್ಕೆ ದೊರೆ ಧಾರೆ ಎರೆದದ್ದು

ಹೊನ್ನೇರಿಯ ದೊರೆ ಮಲ್ಲಭೂಪನಿಗೆ ಮಕ್ಕಳಿರಲಿಲ್ಲ, ಪಟ್ಟದಾನೆಯೇ ಮಗ. ಒಂದು ದಿನ ಅವನು ತುಂಬಿದ ಸಭೆಯಲ್ಲಿ ತೊಡೆ ತಟ್ಟಿದ.

"ನನ್ನ ಆನೆ ಇನ್ನು ತಣ್ಣೀರಲ್ಲಿ ಮೀಯುವುದಿಲ್ಲ. ಅದಕ್ಕೊಂದು ಬಿಸಿನೀರಿನ ಬಚ್ಚಲುಮನೆ! ಯಾವ ಚಕ್ರವರ್ತಿ ಕಟ್ಟಿಸಿದ್ದಾನೆ ಹೇಳಿ?"

"ಯಾರೂ ಇಲ್ಲ ಪ್ರಭು. ಹಣ?" ಎಂದ ಮಂತ್ರಿ.

"ಉದ್ಯಾನದ ದತ್ತಿ ಇದೆಯಲ್ಲ. ಸೌದೆಗೆ ಉದ್ಯಾನದ ಮರಗಳೇ ಇವೆ."

ಸಭೆಯಲ್ಲಿದ್ದ ಬೊಮ್ಮಕ್ಕ ಥಟ್ಟನೆ ಎದ್ದು ನಿಂತಳು. ಆಸ್ಥಾನದಲ್ಲಿ ಮಾತಿನಮಲ್ಲಿ ಎಂದೇ ಹೆಸರಾದ ಅವಳು ಆ ದತ್ತಿಯ ಉಸ್ತುವಾರಿಯನ್ನೂ ನೋಡಿಕೊಳ್ಳುತ್ತಿದ್ದಳು. ಊರಿಗೆಲ್ಲ ನೆರಳಾಗಲೆಂದು ಜನ ಕೂಡಿಹಾಕಿದ ಹಣ ಅದು. ಉದ್ಯಾನದ ಅರಳಿಯನ್ನು ನೆಟ್ಟು ಬೆಳೆಸಿದವಳೂ ಅವಳೇ.

"ಅದು ಊರಿನ ಹಣ, ಪ್ರಭು."

"ಆನೆ ಊರಿನದಲ್ಲವೇ? ಶುಕ್ರವಾರ ಕೊಡಲಿ ಬೀಳಲಿ!"

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದುಕೊಂಡು ಬೊಮ್ಮಕ್ಕ ತಲೆಬಾಗಿದಳು. "ಹಾಗೇ ಆಗಲಿ. ಆದರೆ ನಮ್ಮ ಅರಳಿಗೂ ಪಕ್ಕದ ಬೇವಿಗೂ ಇನ್ನೂ ಮದುವೆಯಾಗಿಲ್ಲ. ಮದುವೆಯಾಗದ ಮರದ ಸೌದೆ ಬರೀ ಹೊಗೆ. ಆನೆಗೆ ಕಣ್ಣುರಿ ಬಂದರೆ?"

ದೊರೆ ಗಾಬರಿಯಾದ. "ನಾಳೆಯೇ ಮದುವೆ ಮಾಡಿ!"

"ಅರಳಿಗೆ ತಾಯಿ ನಾನಿದ್ದೇನೆ. ಬೇವು ಪಾಪ, ತಬ್ಬಲಿ. ಧಾರೆ ಎರೆಯುವವರು ಬೇಕು."

"ಕನ್ಯಾದಾನದ ಪುಣ್ಯವನ್ನು ಬೇರೆಯವರಿಗೆ ಬಿಟ್ಟುಕೊಡಲೆ? ನಾನೇ ಎರೆಯುತ್ತೇನೆ!"

ಮರುದಿನ ಬೇವಿಗೆ ಹಸಿರು ಸೀರೆ, ಅರಳಿಗೆ ಪಂಚೆ, ಬಾಸಿಂಗ. "ಗಂಡು ಸ್ವಲ್ಪ ಸೊಟ್ಟ" ಎಂದು ಒಬ್ಬಳು ಮೂಗು ಮುರಿದಳು. ಓಲಗ ಮೊಳಗಿತು. ಧಾರೆ ಎರೆಯುವಾಗ ದೊರೆಗೆ ನಿಜಕ್ಕೂ ಕಣ್ಣೀರು ಬಂತು. ಆಮೇಲೆ ಪಾಯಸವನ್ನು ಮತ್ತೆ ಮತ್ತೆ ಹಾಕಿಸಿಕೊಂಡ.

ಶುಕ್ರವಾರ ದೊರೆ ಕೊಡಲಿಯವರೊಂದಿಗೆ ಬಂದಾಗ ಬೊಮ್ಮಕ್ಕ ಉದ್ಯಾನದ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಬೊಮ್ಮಕ್ಕಾ, ಏನಿದು?"

"ಬೊಮ್ಮಕ್ಕ ಯಾರು? ಬೀಗಿತ್ತಿ ಅನ್ನಿ. ಧಾರೆ ಎರೆದುಕೊಟ್ಟ ಮಗಳನ್ನು ಸೌದೆಗೆ ಕೇಳುವ ಅಪ್ಪನನ್ನು ಇವತ್ತೇ ನೋಡಿದ್ದು!"

ದೊರೆ ತಡವರಿಸಿದ. "ಮಗಳು, ಅಳಿಯ ಇರಲಿ. ಉಳಿದವನ್ನು ಕಡಿಸುತ್ತೇನೆ."

"ಅವರೆಲ್ಲ ಗಂಡಿನ ಕಡೆಯವರು! ಹುಣಸೆ ನಾದಿನಿ, ಅದಕ್ಕೇ ಹುಳಿ ಮುಖ. ಹಲಸು ತುಂಬು ಬಸುರಿ. ಕೈ ಮಾಡುತ್ತೀರಾ?"

ಕೊಡಲಿಯವರು ಕೊಡಲಿ ಕೆಳಗಿಟ್ಟು ಹಲಸಿಗೆ ಕೈಮುಗಿದರು.

"ಹೋಗಲಿ, ಹಣವಾದರೂ ಕೊಡು."

"ಹೆಣ್ಣು ಕೊಟ್ಟ ಮನೆಯಲ್ಲಿ ಕೈಯೊಡ್ಡುತ್ತೀರಾ? ಮೊದಲ ದೀಪಾವಳಿ ಬರುತ್ತಿದೆ, ಬೀಗರೇ. ಅಳಿಯನಿಗೆ ಏನು ಕೊಡುತ್ತೀರೋ ಯೋಚಿಸಿ."

"ನನ್ನ ಆನೆಯ ಸ್ನಾನ?" ದೊರೆಯ ದನಿ ಅಳುವಂತಾಗಿತ್ತು.

"ಕಳಿಸಿ. ಅಕ್ಕನ ಮನೆಗೆ ತಮ್ಮ ಬಂದರೆ ಬೇಡ ಅನ್ನುತ್ತೇವೆಯೇ? ಕೊಳದ ತುಂಬ ನೀರಿದೆ. ಬಿಸಿನೀರೇ ಬೇಕೆಂದು ಹಟ ಹಿಡಿದರೆ ಸೌದೆ ಮಾತ್ರ ತವರುಮನೆಯಿಂದ ಹೊತ್ತು ತರಲಿ!"

ದೊರೆ ಕಿರೀಟ ಜಾರುವಂತೆ ನಕ್ಕ. ಆ ದೀಪಾವಳಿಗೆ ದತ್ತಿಯ ಹೆಸರಿಗೆ ಇನ್ನೊಂದು ಉದ್ಯಾನಕ್ಕಾಗುವಷ್ಟು ಭೂಮಿ ಉಡುಗೊರೆಯಾಗಿ ಬಂತು. ಸಾಲದು ಎಂದು ಮುನಿಸಿಕೊಳ್ಳದ ಅಳಿಯ ರಾಜ್ಯಕ್ಕೆಲ್ಲ ಅವನೊಬ್ಬನೇ.