ಹರಿಗೋಲಿಗೆ ದಾನ ದೊರೆತ ಬಗೆ

"ದಾನ ಕೊಡೋದಕ್ಕೆ ತಲೆ ನರೆತಿರಬೇಕು, ಪ್ರಭು! ಎಳೆಯರಿಗೆ ಕೊಡೋದು ಗೊತ್ತೇ? ಈಸಿಕೊಂಡು ತಿನ್ನೋದು ಗೊತ್ತು!" ಎಂದು ಪ್ರಧಾನಿ ತಿರುಮಲಯ್ಯನವರು ತುಂಬಿದ ಸಭೆಯಲ್ಲಿ ಕೊಚ್ಚಿಕೊಂಡರು.

ಮುತ್ತುಗದುರ್ಗದ ದೊರೆ ಭೈರನಾಯಕ ಹೌದೌದೆಂದು ತಲೆದೂಗಿದ. ದೊರೆ ಕೆಟ್ಟವನಲ್ಲ, ಪಾಪ. ಹೊಗಳಿದರೆ ಕರಗುತ್ತಿದ್ದ, ಅಷ್ಟೇ. ಊರಿಗೆ ಉಪಕಾರ ಮಾಡುವ ಒಂದು ಕೂಟಕ್ಕೆ ಪ್ರತಿ ಯುಗಾದಿಗೂ ನೂರು ಹೊನ್ನು ಕೊಡುವುದು ಅವನ ವಾಡಿಕೆ. ಬಂದವರು ಮೊದಲು ದೊರೆಯನ್ನು ಹೊಗಳಬೇಕು, ಆಮೇಲೆ ಕೈಯೊಡ್ಡಬೇಕು. ಮೂರು ವರ್ಷದಿಂದ ಹೊಗಳಿಕೆಯಲ್ಲಿ ಅನ್ನಛತ್ರದ ಶೇಷಗಿರಯ್ಯನನ್ನು ಮೀರಿಸಿದವರಿಲ್ಲ. ಅವನು ಪ್ರಧಾನಿಗಳ ಭಾವಮೈದುನ ಅಂತ ಬೇರೆ ಹೇಳಬೇಕೇ?

ದೊರೆಯ ಪಕ್ಕದಲ್ಲಿ ಎಲೆಯಡಿಕೆ ತಟ್ಟೆ ಹಿಡಿದು ನಿಂತಿದ್ದ ಸೂರಪ್ಪನಿಗೆ ಮಾತ್ರ ಮೈಯೆಲ್ಲ ಉರಿಯಿತು. ಮೂರು ವರ್ಷವೂ ಬರಿಗೈಲಿ ಮರಳಿದವಳು ಅಂಬಿಗರ ದ್ಯಾಮವ್ವ. ಅವಳೂ ಅವಳ ಜೊತೆಯ ಹೆಂಗಸರೂ ಆಚೆ ದಂಡೆಯ ಬಡವರನ್ನು ಪುಕ್ಕಟೆ ಹೊಳೆ ದಾಟಿಸುತ್ತಿದ್ದರು. ಅವರ ಹರಿಗೋಲು ಈಗ ಹರಿಗೋಲಾಗಿ ಉಳಿದಿರಲಿಲ್ಲ, ಜರಡಿಯಾಗಿತ್ತು. ಈ ಸಲವೂ ಹೊಸದು ಬಾರದಿದ್ದರೆ ಮಳೆಗಾಲದಲ್ಲಿ ಆಚೆಯವರಿಗೆ ವೈದ್ಯನೂ ಇಲ್ಲ, ಸೂಲಗಿತ್ತಿಯೂ ಇಲ್ಲ.

ಸೂರಪ್ಪ ನಗುತ್ತ ದೊರೆಗೆ ಎಲೆ ಮಡಿಸಿ ಕೊಟ್ಟ. "ಪ್ರಧಾನಿಗಳ ಮಾತು ನಿಜ, ಪ್ರಭು. ಎಳೆಯರ ಕೈಗೆ ಕೊಟ್ಟರೆ ಕೆಡಿಸಿಯೇ ತೀರುತ್ತಾರೆ. ಒಂದು ಸಲ ಕೊಟ್ಟು ನೋಡಿದರೆ ಸಭೆಗೆ ಒಳ್ಳೇ ತಮಾಷೆ."

ತಮಾಷೆ ಅಂದರೆ ದೊರೆಗೆ ಪ್ರಾಣ. "ಆಗಲಿ! ಈ ಸಲ ಐದು ಜನ ಎಳೆಯರೇ ದಾನ ಕೊಡಲಿ. ಆದರೆ ಅವರ ತೀರ್ಮಾನಕ್ಕೆ ಸಭೆಯಲ್ಲಿ ಒಬ್ಬರೂ ಎದುರಾಡುವ ಹಾಗಿರಬಾರದು. ಕೊನೆಗೆ ಒಬ್ಬರ ವಿರೋಧ ಉಳಿದರೂ ಹೊನ್ನು ಛತ್ರಕ್ಕೆ!"

ಪ್ರಧಾನಿಗಳು ಮುಸಿಮುಸಿ ನಕ್ಕರು. ಎದುರಾಡಲು ತಾವೇ ಇದ್ದರಲ್ಲ! "ಕೇಳೋದೆಲ್ಲ ಪ್ರಭುಗಳ ಎದುರೇ ಕೇಳಲಿ" ಎಂದು ಇನ್ನೊಂದು ಗಂಟು ಹಾಕಿದರು. ಸಿಂಹಾಸನ ಕಂಡರೆ ಬಡವರ ಬಾಯಿ ಕಟ್ಟುತ್ತದೆ ಅಂತ ಅವರ ಲೆಕ್ಕ.

"ಅದೂ ಆಗಲಿ" ಎಂದ ಸೂರಪ್ಪ. ಅವನಿಗೆ ಬೇಕಾಗಿದ್ದುದೇ ಅದು.

ಕುಂಬಾರರ ಹದಿನಾರು ವರ್ಷದ ಹೊನ್ನಿ ಅರಳು ಹುರಿದಂತೆ ಮಾತಾಡುವವಳು. ಅವಳನ್ನೂ ಅವಳ ನಾಲ್ವರು ಗೆಳೆಯರನ್ನೂ ಸೂರಪ್ಪ ಕರೆದು ಕೂರಿಸಿದ. "ಬಂದವರಿಗೆಲ್ಲ ಒಂದೇ ಪ್ರಶ್ನೆ ಕೇಳಿ: ನಿಮ್ಮ ಕಡೆ ಏನು ಕೊರತೆ? ಮಿಕ್ಕಿದ್ದು ನನಗೆ ಬಿಡಿ."

"ಅಷ್ಟಕ್ಕೆ ಐದು ಜನ ಯಾಕೆ, ಸೂರಪ್ಪಮಾವ?"

"ಒಬ್ಬಳಿಗೆ ಭಯವಾದರೆ ಇನ್ನು ನಾಲ್ವರಿರಲಿ ಅಂತ."

"ಭಯ ಆಗಿರೋದು ನಿಮಗೇ, ಮುಖ ನೋಡಿದರೆ ಗೊತ್ತಾಗುತ್ತೆ" ಎಂದು ಹೊನ್ನಿ ಎದ್ದುಹೋದಳು. ಆಮೇಲೆ ಎರಡು ದಿನ ಆ ಐವರೂ ಎಲ್ಲೆಲ್ಲಿ ಸುತ್ತಿದರೋ ದೇವರೇ ಬಲ್ಲ. ಸೂರಪ್ಪ ಕೇಳಿದರೂ ಬಾಯಿ ಬಿಡಲಿಲ್ಲ.

ಯುಗಾದಿ ಬಂತು. ಶೇಷಗಿರಯ್ಯ ಹೊಟ್ಟೆ ಮುಂದೆ ಮಾಡಿಕೊಂಡು ಬಂದು ಅರ್ಧ ಗಳಿಗೆ ದೊರೆಯನ್ನು ಹೊಗಳಿದ. ಹೊನ್ನಿ ಕೇಳಿದಳು, "ಅಯ್ಯನವರೇ, ಊರಲ್ಲಿ ಏನು ಕೊರತೆ?"

"ಕೊರತೆಯೇ! ಶಾಂತಂ ಪಾಪಂ! ಭೈರನಾಯಕ ಪ್ರಭುಗಳ ನಾಡಿನಲ್ಲಿ ಕೊರತೆಯೇ? ಹಸಿದವನೊಬ್ಬನನ್ನು ತೋರಿಸು ನೋಡೋಣ!"

ದೊರೆ ಮೀಸೆ ತಿರುವಿದ. ಪ್ರಧಾನಿಗಳು ಭಲೇ ಎಂದರು.

ಆಮೇಲೆ ದ್ಯಾಮವ್ವ ಬಂದಳು. ಹೊಗಳಲು ಬಾಯಿ ತೆರೆದರೆ ಮಾತೇ ಹೊರಡಲಿಲ್ಲ. ಹೊನ್ನಿ ಮೆಲ್ಲಗೆ, "ಹೊಗಳೋದು ಬಿಡಜ್ಜಿ. ಏನು ಕೊರತೆ, ಅದು ಹೇಳು" ಎಂದಳು.

"ಏನಂತ ಹೇಳ್ಲವ್ವ? ಹರಿಗೋಲಿನ ತೊಗಲು ಹರಿದೈತೆ. ಒಬ್ಬಳು ಹುಟ್ಟು ಹಾಕಿದ್ರೆ ಇಬ್ಬರು ನೀರು ಮೊಗೀಬೇಕು. ಹೋದ ಮಳೇಲಿ ನೋವು ತಿನ್ನೋ ಬಸುರಿ ಕೈಗೂ ಚೆಂಬು ಕೊಟ್ಟು ಮೊಗೆಸಿದೆ. ನಾಚಿಕೆಯಾತು ನಂಗೆ."

ಐವರೂ ಮುಖ ಮುಖ ನೋಡಿಕೊಂಡರು. "ಹೊನ್ನು ಹರಿಗೋಲಿಗೆ" ಎಂದಳು ಹೊನ್ನಿ.

ಪ್ರಧಾನಿಗಳು ಚಂಗನೆ ಎದ್ದರು. "ನನ್ನ ವಿರೋಧವಿದೆ! ಪ್ರಭುಗಳ ಎದುರೇ ಕೊರತೆ ಅಂದವಳಿಗೆ ದಾನವೇ? ಅನ್ನ ಹಾಕುವ ಛತ್ರಕ್ಕೆ ಬರಿಗೈಯೇ?"

ದೊರೆಯ ಮುಖವೂ ಕೆಂಪೇರಿತು. ದ್ಯಾಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಹಿಂದೆ ಸರಿದಳು. ಇದೇ ಸಮಯವೆಂದು ಸೂರಪ್ಪ ಗಂಟಲು ಸರಿಮಾಡಿಕೊಂಡ. ಮೂರು ದಿನದಿಂದ ಮಸೆದಿಟ್ಟ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹೊನ್ನಿಯೇ ಶುರುಮಾಡಿಬಿಟ್ಟಳು!

"ಬುದ್ಧೀ, ನಾವು ಎರಡು ದಿನ ನಡುಮಧ್ಯಾಹ್ನ ಛತ್ರಕ್ಕೆ ಉಣ್ಣೋಕೆ ಹೋಗಿದ್ವಿ. ಬಾಗಿಲಿಗೆ ಬೀಗ. ಯಾಕೆ ಅಂತ ಈಗ ತಿಳೀತು. ಹಸಿದವರೇ ಇಲ್ಲದ ಮೇಲೆ ಬಾಗಿಲು ಯಾಕೆ ತೆಗೀಬೇಕು? ಆದರೆ ಒಂದು ಮಾತ್ರ ತಿಳೀಲಿಲ್ಲ. ಪ್ರಧಾನಿಗಳು ತಿಳಿದೋರು, ಅವರೇ ಹೇಳಲಿ. ಊರಲ್ಲಿ ಹಸಿದವರು ಇದ್ದಾರೋ, ಇಲ್ಲವೋ?"

ಪ್ರಧಾನಿಗಳು ಒಮ್ಮೆ ಭಾವಮೈದುನನತ್ತ, ಒಮ್ಮೆ ದೊರೆಯತ್ತ ನೋಡಿದರು. ಇದ್ದಾರೆ ಎಂದರೆ ಪ್ರಭುಗಳ ನಾಡಿನಲ್ಲಿ ಕೊರತೆ ಎಂದಂತಾಯಿತು. ಇಲ್ಲ ಎಂದರೆ ಛತ್ರಕ್ಕೆ ಕಾಸೂ ಬೇಡ. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಇಲ್ಲ..." ಎಂದು ಕೊನೆಗೆ ಗೊಣಗಿದರು.

"ಹಾಗಾದರೆ ಬುದ್ಧೀ, ಮೂರು ವರ್ಷದ ಅನ್ನ ಉಂಡವರು ಯಾರು?"

ಇಡೀ ಸಭೆಯ ಕಣ್ಣು ಶೇಷಗಿರಯ್ಯನ ಹೊಟ್ಟೆಯ ಮೇಲೆ ಬಿತ್ತು. ಅವನು ಅದನ್ನು ಉತ್ತರೀಯದಿಂದ ಮುಚ್ಚಲು ನೋಡಿದ. ಉತ್ತರೀಯ ಸಾಲಲಿಲ್ಲ.

ಮೊದಲು ನಕ್ಕವನು ದೊರೆಯೇ. ಕಣ್ಣಲ್ಲಿ ನೀರು ಬರುವ ತನಕ ನಕ್ಕು, "ಎದುರಾಡುವವರು ಇನ್ನೂ ಯಾರಾದರೂ ಇದ್ದೀರಾ?" ಎಂದ. ಪ್ರಧಾನಿಗಳು "ನನ್ನ ವಿರೋಧವಿಲ್ಲ, ಪ್ರಭು" ಎಂದು ಕೂತರು. "ಹರಿಗೋಲು ನಾಳೆಯೇ ಆಗಲಿ. ಇನ್ನು ಮುಂದೆ ಯುಗಾದಿ ದಾನ ಈ ಎಳೆಯರದೇ. ಸೂರಪ್ಪಾ, ನೀನೇಕೋ ಸಪ್ಪಗಿದ್ದೀಯ?"

"ಏನಿಲ್ಲ ಪ್ರಭು, ಒಂದು ಒಳ್ಳೇ ಮಾತಿತ್ತು, ಹಳಸಿಹೋಯಿತು."

ದ್ಯಾಮವ್ವ ಕೈಮುಗಿದು ಮುಂದೆ ಬಂದಳು. "ಬುದ್ಧೀ, ಇನ್ನೊಂದು ಬೇಡಿಕೆ. ಹೊಸ ಹರಿಗೋಲಿಗೆ ಮೊದಲು ಶೇಷಗಿರಯ್ಯನೋರು ಹತ್ತಿ ಕೂರಲಿ. ಅವರನ್ನ ಹೊತ್ತು ಆಚೆ ದಡ ಮುಟ್ಟಿದರೆ, ಅದಕ್ಕೆ ಇನ್ಯಾವ ಮಳೆಗಾಲದ ಭಯವೂ ಇಲ್ಲ!"